ಅಕ್ಕ ಬೆರೆಸಿದ ಕಾಫಿ

ಸೋಮವಾರ, ಅಂಗಡಿಗೆ ಹೊರಡುವ ಮುನ್ನ

ಅಕ್ಕನಿಗೆ,

‘ಪ್ರೀತಿಯ’ ಅಂತ ಬರೆದು ಹೊಡೆದುಹಾಕಿದ್ದೇನೆ, ಕಾಣುತ್ತಿದೆಯಲ್ಲ? ಹಾಗೇ ಇರಲಿ. ನಿನ್ನ ಮಗಳೂ ಮೊಮ್ಮಗಳೂ ಚೆನ್ನಾಗಿದ್ದಾರೆಂದು ತಿಳಿದು ಸಂತೋಷವಾಯಿತು. ಸಂತೋಷದ ಮಾತು ಇಲ್ಲಿಗೆ ಮುಗಿಯಿತು.

ಫೋನ್ ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ಕಾರಣವಿದೆ. ಫೋನಿನಲ್ಲಾದರೆ ನಾನು ಎರಡು ಮಾತು ಆಡುವಷ್ಟರಲ್ಲಿ ನೀನು ಅಳಲು ಶುರು ಮಾಡುತ್ತೀಯ. ಬೈಯಲು ಹೋದವಳು ನಾನೇ ಸಮಾಧಾನ ಹೇಳಿ ಫೋನ್ ಇಡಬೇಕಾಗುತ್ತದೆ. ಕಾಗದದ ಮುಂದೆ ಎಷ್ಟು ಬೇಕಾದರೂ ಅಳು, ನನಗೆ ಕೇಳಿಸುವುದಿಲ್ಲ.

ನನ್ನ ಕಾಫಿಗೆ ಮಾತ್ರೆ ಹಾಕುತ್ತಿದ್ದೆ ನೀನು. ಇಲ್ಲ ಎನ್ನಬೇಡ. ಡಾಕ್ಟರು ತಿಂಗಳುಗಟ್ಟಲೆ ಇಷ್ಟಿಷ್ಟೇ ಇಳಿಸಿ, ಕೊನೆಗೆ ಪೂರ್ತಿ ನಿಲ್ಲಿಸಿದ ಮಾತ್ರೆಯನ್ನು ಪುಡಿ ಮಾಡಿ ಲೋಟಕ್ಕೆ ಬೆರೆಸಿ, ಬಿಸಿ ಇದ್ದಾಗಲೇ ಕುಡಿ ಅಂತ ಎದುರಿಗೆ ನಿಂತು ಕುಡಿಸಿದ್ದೀಯ. ಅವರು ಕಾಲು ಭಾಗ ಕಡಿಮೆ ಮಾಡಿದರೆ ನೀನು ಕಾಲು ಸೇರಿಸಿದೆ, ಅರ್ಧ ಕಡಿಮೆ ಮಾಡಿದರೆ ಅರ್ಧ. ಏನು ಅಚ್ಚುಕಟ್ಟು! ಯಾಕೋ ಕಹಿ ಅಂತ ಒಮ್ಮೆ ನಾನು ಮುಖ ಕಿವುಚಿದಾಗ, ಹೊಸ ಅಂಗಡಿಯ ಪುಡಿ, ಗಟ್ಟಿ ಇರುತ್ತೆ ಅಂತ ನೀನಂದೆ. ನಿನ್ನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಎಲ್ಲಿ ಕಲಿತೆ ಇದನ್ನೆಲ್ಲ?

ನೀನು ಮಗಳ ಹೆರಿಗೆಗೆಂದು ಹೊರಟ ಮೇಲೆ ನನ್ನ ಕಾಫಿ ನಾನೇ ಮಾಡಿಕೊಂಡೆ. ವಾರ ಕಳೆಯುವುದರೊಳಗೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗತೊಡಗಿತು. ಕತ್ತು ತಿರುಗಿಸಿದರೆ ನೆಲವೇ ಓಡುತ್ತಿತ್ತು. ಕನ್ನಡಕದ ಅಂಗಡಿಯಲ್ಲಿ ಒಬ್ಬ ಮುದುಕರ ಕಣ್ಣು ಪರೀಕ್ಷೆ ಮಾಡುತ್ತಿದ್ದವಳು, ಕೆಳಗಿನ ಸಾಲು ಓದಿ ಎನ್ನುವ ಬದಲು ಅವರೆದುರೇ ಅತ್ತುಬಿಟ್ಟೆ. ಪಾಪ, ಅವರು ಗಾಬರಿಯಾಗಿ, ಯಾಕಮ್ಮಾ, ನನ್ನ ಕಣ್ಣು ಅಷ್ಟೊಂದು ಕೆಟ್ಟಿದೆಯಾ ಅಂತ ಕೇಳಿದರು.

ಡಾಕ್ಟರ ಹತ್ತಿರ ಓಡಿದೆ. ಅವರು ಎಲ್ಲ ಕೇಳಿ ಹುಬ್ಬು ಗಂಟಿಕ್ಕಿದರು. ಇದು ಎರಡು ತಿಂಗಳ ಹಿಂದೆ ಮಾತ್ರೆ ಬಿಟ್ಟವರ ಥರ ಕಾಣ್ತಿಲ್ಲ, ಮೊನ್ನೆ ಮೊನ್ನೆ ದಿಢೀರಂತ ನಿಲ್ಲಿಸಿದವರ ಥರ ಇದೆ, ನನಗೆ ಹೇಳದೆ ತಗೋತಿದ್ರಾ ಅಂದರು. ನಾನು! ಕದ್ದು! ಮೈಯೆಲ್ಲ ಉರಿದುಹೋಯಿತು. ಅವರ ಜೊತೆ ಜಗಳವಾಡಿಯೇ ಹೊರಬಂದೆ. ಬರುವ ದಾರಿಯಲ್ಲಿ ತಲೆನೋವಿಗೆ ಏನಾದರೂ ಕೊಡಿ ಅಂತ ನಮ್ಮ ಬೀದಿಯ ಮೆಡಿಕಲ್ ಶಾಪಿಗೆ ಹೋದರೆ, ಆ ಪುಣ್ಯಾತ್ಮ ನಗುನಗುತ್ತಾ, ಅಕ್ಕ ಊರಲ್ಲಿಲ್ವಾ, ಈ ತಿಂಗಳು ನಿಮ್ಮ ಮಾತ್ರೆ ತಗೊಂಡೇ ಹೋಗಿಲ್ಲ, ತೆಗೆದಿಟ್ಟಿದ್ದೀನಿ ಅಂದ. ಹಳೇ ಚೀಟಿಯನ್ನೇ ತೋರಿಸುತ್ತಿದ್ದೆಯಂತೆ. ನಿನ್ನ ಮಗಳಿಗೆ ಫೋನ್ ಮಾಡಿ ಕೇಳಿದೆ. ಬಾಣಂತಿ, ಸುಳ್ಳು ಹೇಳಲಾರದೆ ನೀನು ಅವಳಿಗೆ ಹೇಳಿದ್ದನ್ನೆಲ್ಲ ಬಾಯಿಬಿಟ್ಟಳು. ಅವಳ ಮೇಲೆ ರೇಗಬೇಡ.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳಲಿ ಅಕ್ಕಾ? ಊಟದಲ್ಲಿ ಮದ್ದು ಹಾಕಿಬಿಡ್ತಾರೆ, ಕಂಡವರ ಮನೇಲಿ ತಿನ್ನಬೇಡ ಅಂತ ಚಿಕ್ಕಂದಿನಲ್ಲಿ ನನ್ನನ್ನು ಹೆದರಿಸುತ್ತಿದ್ದವಳೂ ನೀನೇ.

ದಿನಾ ನಾನು ಮಾಡುವ ಕೆಲಸವೇನು? ಬಂದವರ ಹಳೇ ಕನ್ನಡಕ ತೆಗೆಸಿ, ಬರಿಗಣ್ಣಿಗೆ ಎಷ್ಟು ಕಾಣುತ್ತದೆ ಅಂತ ಮೊದಲು ನೋಡುತ್ತೇನೆ. ಆಮೇಲೆ ಗಾಜು. ಡಾಕ್ಟರು ಮಾಡಹೊರಟದ್ದೂ ಅಷ್ಟೇ. ಮಾತ್ರೆ ಶುರುವಾಗಿ ಎಂಟು ವರ್ಷವಾಯಿತು, ಆಗಿನ ಮನಸ್ಸಿನ ಕಾಯಿಲೆ ಈಗಲೂ ಇದೆಯೋ, ಎಷ್ಟಿದೆ, ಇದೇ ಮಾತ್ರೆ ಬೇಕೋ, ಬೇರೆಯೋ, ಯಾವುದೂ ಬೇಡವೋ, ನಿಧಾನವಾಗಿ ಇಳಿಸಿ ನೋಡೋಣ ಅಂದಿದ್ದರು. ನೀನೂ ಪಕ್ಕದಲ್ಲೇ ಕೂತು ಹ್ಞೂಂ ಹ್ಞೂಂ ಅಂತ ತಲೆಯಾಡಿಸಿದ್ದೆ. ಇಷ್ಟು ತಿಂಗಳ ಪರೀಕ್ಷೆಯೆಲ್ಲ ನೀರಿನಲ್ಲಿ ಮಾಡಿದ ಹೋಮವಾಯಿತು. ಮಾತ್ರೆಯಿಲ್ಲದ ನಾನು ಹೇಗಿರುತ್ತೇನೆ ಅನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಬೇಕು ಅಂತಿದ್ದೆ, ಅಷ್ಟೇ ನಾನು ಕೇಳಿದ್ದು.

ಅದಕ್ಕಿಂತ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ನಾನು ಎಷ್ಟು ಕುಣಿದಾಡಿದೆ! ಮಾತ್ರೆ ಇಲ್ಲದೇನೂ ನಿದ್ದೆ ಬರುತ್ತೆ ಅಕ್ಕಾ, ಬಸ್ಸಲ್ಲಿ ಎದೆ ಹೊಡ್ಕೊಳ್ಳಲ್ಲ ಅಕ್ಕಾ ಅಂತ ಹೇಳಿದಾಗ ನೀನು ತಲೆ ಸವರಿ, ನಾನು ಹೇಳಿರಲಿಲ್ವಾ, ನಮ್ಮ ಗುಬ್ಬಿ ಗಟ್ಟಿಗಿತ್ತಿ ಅಂದೆ. ಒಳಗೊಳಗೇ ಏನನ್ನಿಸುತ್ತಿತ್ತು ನಿನಗೆ? ಆ ಗೆಲುವು ನನ್ನದು ಅಂದುಕೊಂಡಿದ್ದೆನಲ್ಲ, ಪೆದ್ದಿ. ಅದೇ ಧೈರ್ಯದ ಮೇಲೆ, ಹೊಸದಾಗಿ ತೆರೆಯುವ ಕನ್ನಡಕದ ಅಂಗಡಿ ನಾನೇ ನೋಡಿಕೊಳ್ಳುತ್ತೇನೆ ಅಂತ ಅಂಗಡಿಯ ಯಜಮಾನರಿಗೆ ಮಾತು ಬೇರೆ ಕೊಟ್ಟಿದ್ದೇನೆ.

ನಿನ್ನ ಉತ್ತರ ನನಗೆ ಬಾಯಿಪಾಠ. ಆಗ ನಿನ್ನನ್ನ ಹೇಗೆ ನೋಡ್ಕೊಂಡೆ ಅಂತ ನನಗೊಬ್ಬಳಿಗೇ ಗೊತ್ತು ಅನ್ನುತ್ತೀಯ. ನನಗೂ ಗೊತ್ತು. ಗೋಡೆಗೆ ಮುಖ ಮಾಡಿ ಮಲಗಿದವಳನ್ನು ಎಬ್ಬಿಸಿ ಸ್ನಾನ ಮಾಡಿಸಿದವಳು ನೀನು. ಮನೆಯ ಕತ್ತರಿ, ಚಾಕುಗಳನ್ನೆಲ್ಲ ಪಕ್ಕದ ಮನೆಯಲ್ಲಿಟ್ಟು, ತರಕಾರಿ ಹೆಚ್ಚಲು ಅಲ್ಲಿಗೇ ಹೋಗಿ ಬರುತ್ತಿದ್ದವಳು ನೀನು. ಮರೆತಿಲ್ಲ. ಮರೆಯಲು ನೀನು ಬಿಟ್ಟರೆ ತಾನೇ! ಆದರೆ ಕಾಪಾಡುತ್ತೇನೆ ಅಂತ ಹೋಗಿ ಈ ಸಲ ನೀನು ಮಾಡಿದ್ದೇನು? ಏಕಾಏಕಿ ಮಾತ್ರೆ ನಿಲ್ಲಿಸಬೇಡಿ ಅಂತ ಡಾಕ್ಟರು ಸಾರಿ ಸಾರಿ ಹೇಳಿದ್ದರು. ನೀನು ಬ್ಯಾಗ್ ತುಂಬಿಕೊಂಡು ರೈಲು ಹತ್ತಿದೆ, ನನ್ನ ಮಾತ್ರೆ ಏಕಾಏಕಿ ನಿಂತಿತು. ನಿಂತದ್ದು ನನಗೇ ಗೊತ್ತಿರಲಿಲ್ಲ.

ಇನ್ನೊಂದು ಮಾತು. ನನಗೆ ಕೋಪ ಬಂದಾಗಲೆಲ್ಲ ನೀನು ಕೇಳುವುದು ಒಂದೇ, ಮಾತ್ರೆ ತಗೊಂಡ್ಯಾ? ಹಾಲು ಉಕ್ಕಿಸಿ ಒಲೆಯೆಲ್ಲ ರಾಡಿ ಮಾಡಿದವಳು ನೀನು, ರೇಗಿದವಳು ನಾನು, ಆಗಲೂ ಮಾತ್ರೆ ತಗೊಂಡ್ಯಾ? ಈ ಕಾಗದವನ್ನೂ ಮಗಳಿಗೆ ತೋರಿಸಿ, ನೋಡು, ಮಾತ್ರೆ ಬಿಟ್ಟಿದ್ದಕ್ಕೇ ಹೀಗಾಡ್ತಿದ್ದಾಳೆ ಅನ್ನುತ್ತೀಯ. ಅನ್ನಬೇಡ. ಇಷ್ಟಾದ ಮೇಲೆ ಕೋಪ ಬಾರದಿದ್ದರೆ ಅಂಥವರನ್ನು ಡಾಕ್ಟರಿಗೆ ತೋರಿಸಬೇಕು.

ಡಾಕ್ಟರ ಹತ್ತಿರ ಮತ್ತೆ ಹೋಗಿ ಎಲ್ಲ ಹೇಳಿದೆ. ಮೊದಲಿನಿಂದ ಶುರು ಮಾಡೋಣ ಅಂದಿದ್ದಾರೆ. ಮಗುವಿಗೆ ಮುತ್ತು ಕೊಡು. ನಿನಗಿಲ್ಲ.

ನಿನ್ನ ತಂಗಿ
(ಗುಬ್ಬಿ ಅಂತ ಸದ್ಯಕ್ಕೆ ಕರೆಯಬೇಡ)

ತಾ.ಕ.: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದೆ. ಮೇಲೆ ಒಂದು ವಿಷಯ ಬರೆದಿಲ್ಲ. ಅರ್ಧ ಮಾತ್ರೆ ಮತ್ತೆ ಶುರುವಾಗಿದೆ. ಡಾಕ್ಟರು ಕೊಟ್ಟರು, ನಾನು ಬೇಡ ಅನ್ನಲಿಲ್ಲ. ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲೇ ಆಗಲಿಲ್ಲ ಅಕ್ಕಾ, ತುಂಬಾ ಹೆದರಿಕೆಯಾಯಿತು. ಅದು ಮಾತ್ರೆ ನಿಂತದ್ದರ ಕಾಟವೋ, ಹಳೇ ಕಾಯಿಲೆಯೋ ಅವರಿಗೂ ಈಗಲೇ ಹೇಳಲಾಗದಂತೆ. ಒಂದಿಷ್ಟು ಮಾತ್ರೆ ನನಗೆ ಯಾವಾಗಲೂ ಬೇಕಾಗಬಹುದು. ಬೇಕಾದರೆ ನನ್ನ ಕೈಯಾರೆ ನುಂಗುತ್ತೇನೆ. ಇದನ್ನು ಮೊದಲೇ ಬರೆದಿದ್ದರೆ ನೀನು ಇಷ್ಟನ್ನೇ ಓದಿ, ನಾನು ಹೇಳಲಿಲ್ವಾ ಅಂತ ಕಾಗದ ಮಡಿಸಿಡುತ್ತಿದ್ದೆ.

ಈ ಸಲ ಇಳಿಸುವಾಗ ಮನೆಯವರೊಬ್ಬರು ಜೊತೆಗಿದ್ದು, ನಾನು ಹೇಗಿದ್ದೇನೆ ಅಂತ ಆಗಾಗ ಡಾಕ್ಟರಿಗೆ ತಿಳಿಸುತ್ತಿರಬೇಕಂತೆ. ಮನೆಯವರು ಅಂದರೆ ಅಕ್ಕ ಒಬ್ಬಳೇ ಅಂದೆ. ನಿಮ್ಮ ಅಕ್ಕ ನಿಜ ಹೇಳ್ತಾರಾ ಅಂತ ಡಾಕ್ಟರು ಕೇಳಿದರು. ಕೇಳಿ ಹೇಳ್ತೀನಿ ಅಂದಿದ್ದೇನೆ.