ಬಟ್ಟೆಯ ಇನ್ನೊಂದು ತುದಿ

ಭಾನುವಾರ, ಮಧ್ಯಾಹ್ನ

ಅಪ್ಪಾ, ಇವರು ಬಿಟ್ಟೇಬಿಟ್ಟರು!

ನನ್ನನ್ನಲ್ಲ, ಗಾಬರಿಯಾಗಬೇಡ. ಕುಡಿತವನ್ನು! ಸೋದರಮಾವನ ಮನೆಯಲ್ಲಿರುವ ಅಮ್ಮನಿಗೂ ಫೋನಿನಲ್ಲಿ ಇಷ್ಟೇ ಹೇಳಿ ಖುಷಿಗೆ ಅಳತೊಡಗಿದೆ. ಆ ಕಡೆ ಅವಳು ಗೋಳೋ ಎಂದಳು. ವಿಷಯ ತಿಳಿದ ಮೇಲೆ, "ಇಂಗ್ಲಿಷ್ ಸ್ಕೂಲಿಗೆ ಹಾಕಿದ್ದಕ್ಕೆ ತಕ್ಕ ಶಾಸ್ತಿ! ಏನನ್ನ ಬಿಟ್ರು ಅಂತ ಮೊದಲು ಹೇಳೇ, ಕತ್ತೆ!" ಎಂದು ಬೈದಳು. ಕಾಗದ ತಡವಾಯಿತು, ಕ್ಷಮಿಸು. ಮದುವೆಯಾದಾಗಿನಿಂದ ನೀನು ನನ್ನ ಫೋನೇ ಎತ್ತುತ್ತಿಲ್ಲ. ಆದರೂ ಇದನ್ನು ನಿನಗೆ ಹೇಳಲೇಬೇಕು. ಕುಡಿತದ ಕೈನಡುಕ ಎಂದರೇನೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಟೈಲರ್ ಅಂಗಡಿಯಲ್ಲಿ ಇವರದು ಬಟ್ಟೆ ಕತ್ತರಿಸುವ ಕೆಲಸ. ಕುಡಿತ ನಿಲ್ಲಿಸಿದ ಹೊಸತರಲ್ಲಿ ಕೈ ನಡುಗಿ, ಕತ್ತರಿ ಕೆಳಗಿಟ್ಟು ಹೊರಟೇಬಿಟ್ಟಿದ್ದರಂತೆ. ಅಂಗಡಿಯ ಮಾಸ್ಟರ್ ಎದುರಿಗೆ ನಿಂತು ಬಟ್ಟೆಯ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದು, "ಕತ್ತರಿ ನೀನು ಹಿಡಿ, ಬಟ್ಟೆ ನಾನು ಹಿಡೀತೀನಿ. ಸೊಟ್ಟ ಆದ್ರೆ ಇಬ್ರೂ ಬೈಸ್ಕೊಳ್ಳೋಣ" ಎಂದರಂತೆ. ಅಂದಿನಿಂದ ದಿನವೂ ಹಾಗೆಯೇ. ಸಂಜೆಯಾದರೆ ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹೊಲಿಯುವ ಅಕ್ಕ ತನ್ನ ಚೀಲವನ್ನು ಇವರ ಹೆಗಲಿಗೆ ನೇತುಹಾಕಿ, "ಏನಯ್ಯಾ ಮದುಮಗ, ಆ ಬಾರ್ ಕಡೆ ಏನು ನೋಡ್ತೀಯಾ? ನಿನ್ನ ಹೆಂಡ್ತಿ ಅಲ್ಲಿದಾಳಾ? ನಡಿ ನಡಿ!" ಎಂದು ನಮ್ಮ ಬಾಗಿಲವರೆಗೂ ಅಟ್ಟಿಕೊಂಡು ಬರುತ್ತಿದ್ದಳು.

ನಡುವೆ ಒಮ್ಮೆ ಜಾರಿದರು, ಕುಡಿದು ಬಂದರು. ಮರುದಿನ ನಾಚಿಕೆಯಿಂದ ಮುಸುಕು ಹೊದ್ದು ಮಲಗಿಬಿಟ್ಟರು. ಆ ಅಕ್ಕ ಬಂದು ಮುಸುಕನ್ನೇ ಎಳೆದಳು: "ಮಾಸ್ಟರ್ ಬಟ್ಟೆ ಹಿಡ್ಕೊಂಡು ನಿಂತೇ ಇದಾರೆ, ಕೈ ನೋಯ್ತಿದೆಯಂತೆ, ಏಳಪ್ಪಾ!"

ಆಮೇಲೆ ಒಂದು ಹನಿಯೂ ಇಲ್ಲ. ನಿನ್ನೆ ಯಾರೋ ಕೋಟಿಗೆಂದು ಬಲು ದುಬಾರಿ ಬಟ್ಟೆ ತಂದಿದ್ದರು. ತುದಿ ಹಿಡಿಯಲು ಮಾಸ್ಟರ್ ಕೈ ಚಾಚಿದರೆ ಇವರು, "ಇವತ್ತು ನೀವು ಆರಾಮಾಗಿ ಟೀ ಕುಡೀರಿ" ಎಂದರಂತೆ. ಕತ್ತರಿ ಗೆರೆಯ ಮೇಲೆ ಒಂದೇ ಓಟ! ಅಂಗಡಿಯ ಮಷೀನುಗಳೆಲ್ಲ ನಿಂತು ನೋಡಿದವಂತೆ! ಕೇಳಿ ನಾನು ಕುಣಿದ ರಭಸಕ್ಕೆ ಕೆಳಮನೆಯವರು ಮೇಲೆ ಬಂದು, "ಏನಮ್ಮಾ, ಬಟ್ಟೆ ಬೀರು ಬಿತ್ತಾ?" ಎಂದು ಕೇಳಿದರು.

ಇವರ ಕೈಗಳಿಗೆ ನಿನ್ನ ಆಶೀರ್ವಾದವಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಬಾಯಿಬಡುಕಿ

ತಾ.ಕ.: ಮದುವೆಯ ದಿನ ನೀನು ಛತ್ರದ ಗೇಟಿನವರೆಗೆ ಬಂದು ಹಿಂದಿರುಗಿದ್ದನ್ನು ನಾನು ನೋಡಿದೆ. ನೀನು ಕುಡಿದಿದ್ದೆ ಎಂದು ನನಗೆ ನೋವಾಗಲಿಲ್ಲ ಅಪ್ಪಾ. ಒಳಗೆ ಬಾರದೆ ಹೋದೆಯಲ್ಲ, ಅದು ಈಗಲೂ ನೋಯುತ್ತದೆ. ನಿನ್ನನ್ನು ಇಲ್ಲಿಗೆ ಕರೆತರಲು ನಾವಿಬ್ಬರೂ ಬರುತ್ತಿದ್ದೇವೆ. ಕುಡಿದಿದ್ದರೂ ಸರಿ, ಸ್ಟೇಷನ್ನಿಗೆ ಬಾ. ಬರುವ ಶನಿವಾರ, ಮಧ್ಯಾಹ್ನದ ಪ್ಯಾಸೆಂಜರ್ ಗಾಡಿಯಲ್ಲಿ ಬಂದಿಳಿಯುತ್ತೇವೆ.