ಮೊದಲನೇ ಗಿರಾಕಿ

ಅಪ್ಪಾ,

ಇವತ್ತು ಹ್ಯಾಮಿಲ್ಟನ್‌ನಲ್ಲಿ ನಾನೂ ನಿನ್ನ ಅಳಿಯ ರೆನಾಟೊನೂ ಗಿರಾಕಿಗಳ ಕೈಯಿಂದಲೇ ವೈನ್ ಮಾಡಿಸಿಕೊಡುವ ಅಂಗಡಿ ತೆರೆದೆವು. ದೊಡ್ಡ ಕಂಪನಿಯೊಂದರ ಫ್ರಾಂಚೈಸಿ. ದ್ರಾಕ್ಷಿರಸ ಅವರ ಚೀಲಗಳಲ್ಲೇ ಬರುತ್ತದೆ. ನಮ್ಮ ಜಗಳ ಶುರುವಾದದ್ದೂ ಅಲ್ಲೇ. "ಚೀಲದ ರಸದಲ್ಲಿ ವೈನಂತೆ! ನಾನು ಮೂವತ್ತು ವರ್ಷ ಮನೆ ಗ್ಯಾರೇಜಲ್ಲಿ ದ್ರಾಕ್ಷಿ ಹಿಂಡಿದ್ದು ಇದಕ್ಕಾ?" ಎಂದು ರೇಗಿದೆ ನೀನು. "ಹಾಗಾದ್ರೆ ನಮ್ಮ ಅಂಗಡಿಗೆ ಬರಲೇಬೇಡ" ಎಂದುಬಿಟ್ಟೆ ನಾನು. ಆಮೇಲೆ ನಾವು ಮಾತಾಡಲಿಲ್ಲ. ನೀನು ಆಸ್ಪತ್ರೆಯಲ್ಲಿದ್ದಾಗ ನಾನು ಅಂಗಡಿಯ ಗೋಡೆಗೆ ಬಣ್ಣ ಹೊಡೆಯುತ್ತಿದ್ದೆ. ಏಪ್ರಿಲ್‌ನಲ್ಲಿ ನೀನು ಹೊರಟುಹೋದೆ.

ಬೆಳಿಗ್ಗೆ ಬಾಗಿಲು ತೆರೆದರೆ ನಿನ್ನ ಗೆಳೆಯ ಜೆಫೆರಿನೊ ಮಾಮ ಕೋಟು ತೊಟ್ಟು ನಿಂತಿದ್ದರು.

"ಏನ್ ಮಾಮ, ನೀವೂ ಚೀಲದ ವೈನ್ ಕುಡೀತೀರಾ?" ಎಂದ ರೆನಾಟೊ.

"ನಂಗ್ಯಾಕಯ್ಯಾ ಆ ಕರ್ಮ! ಇವಳಪ್ಪ ಆಸ್ಪತ್ರೇಲಿ ಮಾತು ತಗೊಂಡ. 'ಮಗಳು ನನ್ನ ಬರಬೇಡ ಅಂದಿದಾಳೆ, ನೀನಾದ್ರೂ ಮೊದಲನೇ ಗಿರಾಕಿಯಾಗಿ ಹೋಗು' ಅಂದ."

ಇಲ್ಲಿನ ಕಾನೂನಿನಂತೆ, ರಸವನ್ನು ಹುಳಿಸುವ ಯೀಸ್ಟ್ ಪುಡಿಯನ್ನು ಗಿರಾಕಿಯೇ ಉದುರಿಸಬೇಕು. ಮಾಮ ಉದುರಿಸಿ, ರಸದ ಡಬ್ಬಕ್ಕೆ ಅಂಟಿಸುವ ಚೀಟಿಯಲ್ಲಿ ತಮ್ಮ ಹೆಸರಿನ ಬದಲು ನಿನ್ನ ಹೆಸರು ಬರೆಸಿದರು.

"ಆರು ವಾರ ಬಿಟ್ಟು ಬನ್ನಿ, ಬಾಟಲಿಗೆ ನೀವೇ ತುಂಬಿಸ್ಕೋಬೇಕು" ಎಂದು ಪ್ರತಿ ಗಿರಾಕಿಗೂ ನಾವು ಹೇಳಬೇಕು. 'ಬನ್ನಿ' ಎನ್ನುವ ಆ ಮಾತನ್ನು ರೆನಾಟೊಗೆ ಬಿಟ್ಟು, ನಾನು ನಿನ್ನ ಹೆಸರಿನ ಚೀಟಿಯನ್ನು ಡಬ್ಬಕ್ಕೆ ಅಂಟಿಸಿದೆ.