ನೀನು ಕೂಗುತ್ತಿದ್ದ ಮಾತು

ಓಬಳಕ್ಕ,

ಇದನ್ನು ಕಳಿಸುವುದಿಲ್ಲ. ನನ್ನ ಫೋನೇ ಎತ್ತದವಳು ನೀನು, ಕಾಗದ ಓದುತ್ತೀಯಾ?

ಇವತ್ತು ಮಧುಗಿರಿ ತಾಲ್ಲೂಕು ಕಚೇರಿ ಮುಂದೆ ನಮ್ಮ ಬಿಸಿಯೂಟದ ಅಡುಗೆಯವರ ಧರಣಿ ಇತ್ತು. ಬೆಟ್ಟದ ಕಾವು ಮುಖಕ್ಕೆ ಹೊಡೆಯುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ ರಕ್ಷಾ ಪಕ್ಕದಲ್ಲಿ ಕೂತಿದ್ದಳು.

"ಅಕ್ಕಾ, ಸಂಘ ಕಟ್ಟಿದ್ದಕ್ಕೆ ಓಬಳಕ್ಕನ್ನ ಕೆಲಸದಿಂದ ತೆಗೆದ್ರಂತಲ್ಲ, ಆವಾಗ ನೀವೆಲ್ಲ ಏನ್ ಮಾಡಿದ್ರಿ?" ಅಂದಳು.

ಅಷ್ಟರಲ್ಲಿ ಯಾರೋ ಮೈಕನ್ನು ನನ್ನ ಕೈಗೆ ತುರುಕಿದರು. ಸದ್ಯ, ಬದುಕಿದೆ ಎಂದುಕೊಂಡೆ. "ನ್ಯಾಯ ಬೇಕು!" ಎಂದು ಕೂಗಿಬಿಟ್ಟೆ. ಎಲ್ಲರೂ ಸುಮ್ಮನೆ ನನ್ನ ಮುಖ ನೋಡಿದರು.

"ನೀನು 'ಬೇಕೇ ಬೇಕು' ಅಂತ ಕೂಗ್ಬೇಕು ಕಣಮ್ಮ, 'ನ್ಯಾಯ ಬೇಕು' ಅನ್ನೋರು ನಾವು!" ಎಂದಳು ಪುರವರದ ಗಂಗಲಕ್ಷ್ಮಮ್ಮ. ಎಲ್ಲರೂ ನಕ್ಕರು, ನಾನೂ ನಕ್ಕೆ. ಇಷ್ಟು ವರ್ಷ ನೀನು ಕೂಗಿದ ಮೇಲೆ ತಾನೇ ನನ್ನ ಬಾಯಿ ತೆರೆಯುತ್ತಿದ್ದದ್ದು?

ಆಮೇಲೆ ಸರಿಯಾಗಿಯೇ ಕೂಗಿದೆ, ಸಂಜೆಯವರೆಗೂ.

ವಾಪಸ್ ಬರುವಾಗ ಬಸ್ಸಿನಲ್ಲಿ, ನೀನು ಕೂರುತ್ತಿದ್ದ ಕಿಟಕಿ ಪಕ್ಕ ಕೂತು, ರಕ್ಷಾ ಮತ್ತೆ ಅದನ್ನೇ ಕೇಳಿದಳು. ಗಂಟಲು ಕಟ್ಟಿದೆ, ಮಾತು ಬರುತ್ತಿಲ್ಲ ಎಂದು ಕೈಸನ್ನೆ ಮಾಡಿದೆ.

ಗಂಟಲು ಚೆನ್ನಾಗಿಯೇ ಇತ್ತು, ಅಕ್ಕಾ.